ಫೋಟೊ ಪ್ರಿಂಟರ್: ಬಳಕೆಯ ನಡುವೆ ಚಾಲೂ ಇಡಬೇಕೇ?

ಅರ್ಜಿಗೆ ಲಗತ್ತಿಸುವ ಭಾವಚಿತ್ರವನ್ನು ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿಯೇ ಮುದ್ರಿಸಿಕೊಳ್ಳುವ ಅರ್ಜಿದಾರರ ಗಮನಕ್ಕೆ: ಮುಖದ ಮೇಲೆ ಬಿಳಿ ಗೆರೆ ಬಿದ್ದ ಭಾವಚಿತ್ರವು ತಿರಸ್ಕೃತವಾಗಬಹುದು. ಹೆಡ್‌ನ ಸೂಕ್ಷ್ಮ ರಂಧ್ರಗಳಲ್ಲಿ ಶಾಯಿ ಒಣಗುವುದೇ ಇದಕ್ಕೆ ಸಾಮಾನ್ಯ ಕಾರಣ.

ಪ್ರಿಂಟರ್‌ನ ಗುಂಡಿಯನ್ನೇ ಒತ್ತಿ ಆರಿಸಿದಲ್ಲಿ ಹೆಡ್ ಸ್ವಸ್ಥಾನಕ್ಕೆ ಮರಳುತ್ತದೆ ಹಾಗೂ ರಬ್ಬರ್ ಮುಚ್ಚಳವು ಅದನ್ನು ಮುಚ್ಚುತ್ತದೆ. ಮುದ್ರಣದ ನಡುವೆ ಗೋಡೆಯ ಸ್ವಿಚ್ ಆರಿಸಿದಲ್ಲಿ ಅಥವಾ ವಿದ್ಯುತ್ ಕಡಿತವಾದಲ್ಲಿ ಹೆಡ್ ತೆರೆದೇ ಉಳಿಯುತ್ತದೆ. ವಿದ್ಯುತ್ ಮರಳಿದೊಡನೆ ಪ್ರಿಂಟರನ್ನು ಚಾಲೂ ಮಾಡಿ, ಗುಂಡಿಯಿಂದಲೇ ಆರಿಸತಕ್ಕದ್ದು.

ಚಾಲೂ ಮಾಡಿದಾಗ ಅನೇಕ ಮಾದರಿಗಳು ಹೆಡ್ ಶುದ್ಧೀಕರಣಕ್ಕಾಗಿ ಶಾಯಿಯನ್ನು ವ್ಯಯಿಸುತ್ತವೆ. ಆದ್ದರಿಂದ ದಿನದಲ್ಲಿ ಹಲವು ಬಾರಿ ಮುದ್ರಿಸುವವರು ಅಂದು ಪ್ರಿಂಟರನ್ನು ಚಾಲೂ ಇಡುವುದೇ ಲೇಸು. ತಗಲುವ ವಿದ್ಯುತ್ ಅಲ್ಪ, ಶಾಯಿಯೇ ದುಬಾರಿ. ಅಪರೂಪಕ್ಕೆ ಬಳಸುವವರು ಗುಂಡಿಯಿಂದ ಆರಿಸಿಟ್ಟು, ವಾರ ಅಥವಾ ಎರಡು ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಒಂದು ಪುಟವನ್ನು ಮುದ್ರಿಸತಕ್ಕದ್ದು.