ಕರ್ಜಗಿಯ ಗುಡಿಸು ಎಲ್ಲಿ ಹೋಯ್ತು?

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆವು. ಹಾವೇರಿ ಜಿಲ್ಲೆಯ ಊರುಗಳ ಹೆಸರನ್ನು ಫೈಲಿನಿಂದ ಕನ್ನಡದಲ್ಲೇ ಓದಿ ತೋರಿಸಬೇಕು, ಅಷ್ಟೇ. ಮೊದಲು ಹಾಕಿ ನೋಡಿದ್ದು ‘ಕರ್ಜಗಿ’. ಮೂರೇ ಅಕ್ಷರ, 16 ಬೈಟ್ ಜಾಗ ಧಾರಾಳ ಅಂದುಕೊಂಡೆವು. ರನ್ ಮಾಡಿದ್ರೆ ಬಂದದ್ದು ‘ಕರ್ಜಗ’! ಕ್ರ್ಯಾಶ್ ಇಲ್ಲ, ಎರರ್ ಇಲ್ಲ. ನಮ್ಮಲ್ಲಿ ಒಬ್ಬನ ಊರೇ ಅದು. “ನಮ್ಮೂರ ಹೆಸರು ಕೆಡಿಸಿಬಿಟ್ರಲ್ಲೋ” ಅಂದ.

ತಪ್ಪು ಇದ್ದದ್ದು ನಮ್ಮ ತಲೆಯಲ್ಲಿ. ‘ಚಾರ್’ ಅಂದ್ರೆ ಅಕ್ಷರ ಅಲ್ಲ, ಒಂದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು. ಮೆಮೊರಿಯಲ್ಲಿ ಕರ್ಜಗಿ ಹೀಗಿರುತ್ತೆ:

ಕ – ರ – ಹಲಂತ – ಜ – ಗ – ಗುಡಿಸು – ಸೊನ್ನೆ

ಪರದೆಯಲ್ಲಿ ಅರ್ಕಾವೊತ್ತು ‘ಜ’ ಆದಮೇಲೆ ಕಂಡರೂ, ಇಲ್ಲಿ ‘ರ’ ಮೊದಲೇ ಕೂತಿದೆ. ಆರು ಚಿಹ್ನೆಗೆ 18 ಬೈಟ್, ಕೊನೆಯ ಸೊನ್ನೆಗೆ 1, ಒಟ್ಟು 19. ನಾವು ಕೊಟ್ಟಿದ್ದು 16. ಅದರಲ್ಲಿ ಒಂದು ಬೈಟ್ ಸೊನ್ನೆಗೆ ಹೋಯ್ತು, ಉಳಿದ 15ರಲ್ಲಿ ಐದು ಚಿಹ್ನೆ ಸರಿಯಾಗಿ ಹಿಡಿದವು. ಗುಡಿಸು ಹೊರಗೆ ಬಿತ್ತು.

ಇನ್ನು ‘ಚಾರ್ *’. ಅದು ಬರೀ ವಿಳಾಸ. ಹೆಸರು ಎಲ್ಲಿ ಶುರು ಅಂತ ಹೇಳುತ್ತೆ, ಎಷ್ಟು ಉದ್ದ ಅಂತ ಹೇಳಲ್ಲ. ಅದಕ್ಕೇ “ಕರ್ಜಗಿ ಎಷ್ಟು ಉದ್ದ?” ಅಂದ್ರೆ ನಾಲ್ಕು ಉತ್ತರ:

ಸ್ಟ್ರ್‌ಲೆನ್ ಕೇಳಿದರೆ 18 (ಸೊನ್ನೆ ಬಿಟ್ಟು).
ಅರೇ ಮೇಲೆ ಸೈಝಾಫ್ ಹಾಕಿದರೆ 19.
ಅದೇ ಅರೇ ಫಂಕ್ಷನ್‌ಗೆ ಕಳಿಸಿ ಒಳಗೆ ಸೈಝಾಫ್ ಹಾಕಿದರೆ 8. ಅಲ್ಲಿ ತಲುಪಿರೋದು ಪಾಯಿಂಟರ್ ಮಾತ್ರ, ನಮ್ಮ 64-ಬಿಟ್ ಲ್ಯಾಪ್‌ಟಾಪಿನಲ್ಲಿ ಅದರ ಅಳತೆ 8 ಬೈಟ್.
ಊರಿನವರನ್ನು ಕೇಳಿದರೆ 3.

ಯಾವುದೂ ತಪ್ಪಲ್ಲ, ಪ್ರಶ್ನೆಗಳೇ ಬೇರೆ ಬೇರೆ.

ಈಗ ನಾವು ಮಾಡೋದು ಇಷ್ಟು. ಕೋಡ್ ಬರೆಯೋ ಮೊದಲು ಪೇಪರ್ ಮೇಲೆ ಡಬ್ಬಿಗಳನ್ನು ಬರೆದುಕೊಳ್ತೀವಿ. ಪಾಯಿಂಟರ್ ಜೊತೆ ಉದ್ದವನ್ನೂ ಒಂದೇ ಸ್ಟ್ರಕ್ಟ್‌ನಲ್ಲಿ ಇಡ್ತೀವಿ. ಆ ಉದ್ದದ ಹೆಸರಲ್ಲೇ ‘ಬೈಟ್’ ಅಂತ ಸೇರಿಸ್ತೀವಿ. ಬರೀ ಓದೋದಾದ್ರೆ ‘ಕಾನ್ಸ್ಟ್’ ಹಾಕ್ತೀವಿ. ಜಾಗ ಊಹಿಸೋ ಬದಲು ಸ್ಟ್ರ್‌ಲೆನ್‌ಗೆ 1 ಸೇರಿಸಿ ಅಷ್ಟನ್ನೇ ಕೇಳ್ತೀವಿ.

ಕತ್ತರಿಸಲೇಬೇಕಾದರೆ? ಚಿಹ್ನೆಯ ಮಧ್ಯೆ ಕತ್ತರಿಸದಿದ್ದರೆ ಸಾಕು ಅನ್ನೋರಿದ್ದಾರೆ. ನಮ್ಮ 15 ಸರಿಯಾಗಿ ಚಿಹ್ನೆಯ ಅಂಚಲ್ಲೇ ಇತ್ತು, ಆದರೂ ಊರ ಹೆಸರು ಕೆಟ್ಟಿತು. ಕನ್ನಡಕ್ಕೆ ಅಕ್ಷರದ ಅಂಚು ಬೇಕು. ಅದಕ್ಕೆ ಐಸಿಯು ಥರದ ಲೈಬ್ರರಿ ಇದೆ.

ಇಂಗ್ಲಿಷ್ ಹೆಸರುಗಳಲ್ಲೇ ಟೆಸ್ಟ್ ಮಾಡಿದ್ರೆ ಈ ಬಗ್ ಕಾಣ್ತಾನೇ ಇರಲಿಲ್ಲ. ಅಲ್ಲಿ ಒಂದಕ್ಷರಕ್ಕೆ ಒಂದೇ ಬೈಟ್. ಮುಂದಿನ ಲ್ಯಾಬಿನಲ್ಲಿ ನಿಮ್ಮೂರ ಹೆಸರು ಹಾಕಿ ನೋಡಿ. ಬ್ಯಾಡಗಿಗೆ 21, ರಾಣೆಬೆನ್ನೂರಿಗೆ 36. ನಿಮ್ಮೂರಿಗೆಷ್ಟು?