ತರಗೆಲೆ ಸುಟ್ಟ ಬೂದಿ ನಿಜಕ್ಕೂ ಗೊಬ್ಬರವೇ?

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶಗಳು ಓಡಾಡುತ್ತವೆ: "ಒಣ ಎಲೆಗೆ ಬೆಂಕಿ ಕೊಡಿ, ಬೂದಿಯೇ ಗೊಬ್ಬರ. ಕಾಡು ಸುಟ್ಟರೂ ಚಿಂತೆಯಿಲ್ಲ, ಮಳೆ ಬಂದಮೇಲೆ ಇನ್ನೂ ಹಸಿರಾಗುತ್ತದೆ." ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಚಿಗುರುವುದನ್ನು ನಾವೂ ನೋಡಿದ್ದೇವೆ. ಹಾಗಾದರೆ ಈ ಮಾತು ನಿಜವೇ? ಅರ್ಧ ಮಾತ್ರ ನಿಜ. ಉಳಿದರ್ಧ ಮಣ್ಣಿಗೂ ನೀರಿಗೂ ನಷ್ಟ.

ಕಾಡಿಗೆ ಗೊಬ್ಬರ ಹಾಕುವವರು ಯಾರು?

ಪಶ್ಚಿಮ ಘಟ್ಟದ ಕಾಡಿಗೆ ಯಾರೂ ಯೂರಿಯಾ ಹಾಕುವುದಿಲ್ಲ. ಆದರೂ ಮರಗಳು ಬೆಳೆಯುತ್ತವೆ. ಬೇರು ಮಣ್ಣಿನಿಂದ ಎಳೆದುಕೊಂಡ ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಲೆಯನ್ನು ಸೇರುತ್ತವೆ. ಎಲೆ ಉದುರಿದ ಮೇಲೆ ಗೆದ್ದಲು, ಎರೆಹುಳು, ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುತ್ತವೆ. ಅದೇ ಪೋಷಕಾಂಶ ಮತ್ತೆ ಬೇರಿಗೆ ಸಿಗುತ್ತದೆ. ಅಂದರೆ ತರಗೆಲೆ ಕಸವಲ್ಲ, ಮುಂದಿನ ವರ್ಷದ ಗೊಬ್ಬರ.

ಬೆಂಕಿ ಹಚ್ಚಿದರೆ ಏನಾಗುತ್ತದೆ?

ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿ ದಾಟುತ್ತಿದ್ದಂತೆ ಎಲೆಯಲ್ಲಿದ್ದ ಸಾರಜನಕ ಹೊಗೆಯ ಜೊತೆ ಗಾಳಿಗೆ ಹೋಗತೊಡಗುತ್ತದೆ. ಚೆನ್ನಾಗಿ ಉರಿದ ಬೂದಿಯಲ್ಲಿ ಅದು ಬಹುತೇಕ ಉಳಿಯುವುದಿಲ್ಲ. "ಗಾಳಿಯಲ್ಲಿ 78% ಸಾರಜನಕವೇ ಇದೆಯಲ್ಲ?" ಎಂದು ನೀವು ಕೇಳಬಹುದು. ಇದೆ, ಆದರೆ ಗಿಡ ಅದನ್ನು ನೇರವಾಗಿ ಬಳಸಲಾರದು. ಮುಖ್ಯವಾಗಿ ಬ್ಯಾಕ್ಟೀರಿಯಾಗಳು ಅದನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರಬೇಕು. ತೊಗರಿ, ಹುರುಳಿ, ಹೊಂಗೆಯ ಬೇರುಗಂಟುಗಳಲ್ಲಿ ನಡೆಯುವುದು ಇದೇ ಕೆಲಸ. ಮಿಂಚಿನಿಂದಲೂ ಸ್ವಲ್ಪ ಮಣ್ಣಿಗೆ ಬರುತ್ತದೆ.

ಪೊಟ್ಯಾಸಿಯಂ, ಕ್ಯಾಲ್ಸಿಯಂ, ರಂಜಕ ಹೆಚ್ಚಾಗಿ ಬೂದಿಯಲ್ಲೇ ಉಳಿಯುತ್ತವೆ. ಸಂದೇಶದ ನಿಜವಾದ ಅರ್ಧ ಇದೇ. ಆದರೆ ಇಳಿಜಾರಿನಲ್ಲಿ ಈ ಹಗುರ ಬೂದಿಯನ್ನು ಗಾಳಿಯೋ ಮೊದಲ ಮಳೆಯೋ ಒಯ್ಯುತ್ತದೆ. ಸಾರಜನಕದಂತೆ ರಂಜಕ ಗಾಳಿಯಿಂದ ವಾಪಸ್ ಬರುವುದಿಲ್ಲ. ಹೊಸ ರಂಜಕ ಸಿಗುವುದು ಮುಖ್ಯವಾಗಿ ಬಂಡೆ ನಿಧಾನವಾಗಿ ಸವೆದಾಗ. ಹಳ್ಳ ಸೇರಿ ಸಮುದ್ರಕ್ಕೆ ಹೋದದ್ದು ಆ ಗುಡ್ಡಕ್ಕೆ ಸದ್ಯಕ್ಕಂತೂ ಮರಳದು.

ನೀರಿಗೂ ಇದಕ್ಕೂ ಏನು ಸಂಬಂಧ?

ತರಗೆಲೆಯ ಹಾಸು ಮಳೆಹನಿಯ ಹೊಡೆತ ತಡೆಯುತ್ತದೆ. ನೀರು ನಿಧಾನವಾಗಿ ಇಂಗುತ್ತದೆ. ಅದರಲ್ಲಿ ಒಂದಷ್ಟನ್ನು ಮರಗಳು ಎಲೆಯ ಮೂಲಕ ಆವಿಯಾಗಿ ಗಾಳಿಗೆ ಬಿಡುತ್ತವೆ, ಒಂದಷ್ಟು ಒರತೆಯಾಗಿ ಹಳ್ಳ ಸೇರುತ್ತದೆ. ಹಾಸು ಸುಟ್ಟರೆ ಬರಿಮಣ್ಣಿನ ಮೇಲೆ ನೀರು ರಭಸದಿಂದ ಹರಿದು ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕಾವೇರಿ, ತುಂಗಾ, ಭದ್ರಾ, ಶರಾವತಿ ಹುಟ್ಟುವುದು ಘಟ್ಟದಲ್ಲೇ ಎಂಬುದನ್ನು ಮರೆಯಬಾರದು.

ಮತ್ತೆ ಹುಲ್ಲು ಚಿಗುರುವುದು ಹೇಗೆ?

ಹುಲ್ಲಿನ ಬುಡ ಮಣ್ಣಿನೊಳಗೆ ಉಳಿದಿರುತ್ತದೆ. ಬೂದಿಯ ಪೋಷಕಾಂಶ ತಕ್ಷಣ ಸಿಗುತ್ತದೆ, ಬಿಸಿಲೂ ಹೆಚ್ಚು ಬೀಳುತ್ತದೆ. ಆದರೆ ಮರಗಳ ಎಷ್ಟೋ ಸಸಿಗಳು ಸತ್ತಿರುತ್ತವೆ. ಅರಣ್ಯ ಇಲಾಖೆ ಬೆಂಕಿ ಹರಡದಂತೆ ಅಂಚಿನಲ್ಲಿ ಎಚ್ಚರಿಕೆಯಿಂದ ಸುಟ್ಟು ಬೆಂಕಿ ರೇಖೆ ಮಾಡುವುದು ಬೇರೆ ವಿಷಯ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದು ನಮಗೆಲ್ಲ ನೆನಪಿದೆ. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ.

ಮನೆಯಲ್ಲಿ ಏನು ಮಾಡಬಹುದು?

ಮಲೆನಾಡಿನ ಅಡಿಕೆ ಬೆಳೆಗಾರರು ಬೆಟ್ಟದ ದರಕನ್ನು ಕೊಟ್ಟಿಗೆಗೆ ಹಾಸಿ, ಸಗಣಿಯೊಂದಿಗೆ ಕೊಳೆಸಿ ತೋಟಕ್ಕೆ ಹಾಕುತ್ತಾರೆ. ನೀವೂ ಒಣ ಎಲೆಯನ್ನು ಗಿಡದ ಬುಡಕ್ಕೆ ಹೊದಿಸಬಹುದು. ಇಲ್ಲವೇ ಗುಂಡಿಗೆ ತುಂಬಿ, ಸಗಣಿ ನೀರು ಚಿಮುಕಿಸಿ, ಒದ್ದೆ ಆರದಂತೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ಗೊಬ್ಬರ ಸಿದ್ಧ. ಒಲೆಯ ಬೂದಿ ಸ್ವಲ್ಪ ಹಾಕಿದರೆ ತೊಂದರೆಯಿಲ್ಲ, ಆದರೆ ಯೂರಿಯಾ ಜೊತೆ ಬೆರೆಸಬೇಡಿ. ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ನಮ್ಮ ತೀರ್ಮಾನ: ಬೂದಿಯಲ್ಲಿ ಪೋಷಕಾಂಶ ಇದೆ, ಆದರೆ ಅದಕ್ಕಾಗಿ ಎಲೆ ಸುಡುವುದು ನಷ್ಟದ ವ್ಯಾಪಾರ. ಆ ಸಂದೇಶ ನಿಮ್ಮ ಗುಂಪಿಗೂ ಬಂದರೆ ಫಾರ್ವರ್ಡ್ ಮಾಡುವ ಬದಲು ಇದನ್ನು ಕಳಿಸಿ.