ಚಳಿಯಲ್ಲಿ ಹುಟ್ಟುವ ಬೇಸಗೆಯ ಸಿಹಿ

ಜಪಾನಿನ ಕ್ಯೋಟೋ ನಗರದಲ್ಲಿ ನಾವು ನೆಲೆಸಿದ ಮೊದಲ ವರ್ಷದ ಜುಲೈ ತಿಂಗಳ ಸೆಕೆಯನ್ನು ಮರೆಯುವಂತಿಲ್ಲ. ಮೂರು ಕಡೆಯೂ ಬೆಟ್ಟಗಳಿಂದ ಸುತ್ತುವರಿದ ಆ ಊರಿನಲ್ಲಿ ಆಗ ಗಾಳಿಯೇ ಆಡದು. ನಮ್ಮ ಕರಾವಳಿಯ ಮೇ ತಿಂಗಳು ಅಲ್ಲಿಗೆ ಬಂದು ನಿಂತಂತೆ ತೋರುವುದು. ಅಂತಹ ಒಂದು ಮಧ್ಯಾಹ್ನ ಸಿಹಿತಿಂಡಿಯ ಅಂಗಡಿಯೊಂದರಲ್ಲಿ ಕಂದುಗೆಂಪು ಬಣ್ಣದ ನುಣುಪಾದ ತುಂಡೊಂದನ್ನು ನಮ್ಮ ಮುಂದಿಟ್ಟರು. ಅದರ ಹೆಸರು ಮಿಜು-ಯೋಕನ್. ಬಾಯಲ್ಲಿಟ್ಟೊಡನೆ ತಣ್ಣಗೆ ಜಾರಿತು. ರುಚಿಯೋ, ಹೋಳಿಗೆಯ ಹೂರಣವನ್ನು ನೆನಪಿಗೆ ತಂದಿತು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಅದರಲ್ಲಿದ್ದುದು ಬೇಯಿಸಿ ಅರೆದು ಸಕ್ಕರೆ ಬೆರೆಸಿದ ಅಜುಕಿ ಎಂಬ ಕೆಂಪು ಕಾಳು. ನಮ್ಮ ಹೆಸರು, ಉದ್ದು, ಅಲಸಂದೆಗಳಂತೆ ಅದೂ ವಿಗ್ನ ಎಂಬ ಸಸ್ಯಜಾತಿಗೆ ಸೇರಿದುದು.

ಅಚ್ಚರಿಯ ಸಂಗತಿ ಬೇರೆ ಇತ್ತು. ಅಷ್ಟು ಸೆಕೆಯಲ್ಲಿಯೂ ಆ ತುಂಡು ಕರಗಲಿಲ್ಲ. ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಜೆಲಟಿನ್ನಿನ ಜೆಲ್ಲಿಯಾಗಿದ್ದರೆ 35 ಡಿಗ್ರಿ ಸೆಂಟಿಗ್ರೇಡ್ ತಲಪುವ ಮೊದಲೇ ನೀರಾಗುತ್ತಿತ್ತು. ಇದನ್ನು ಹಿಡಿದಿದ್ದುದು ಅಗರ್. ನಮ್ಮ ಅಂಗಡಿಗಳಲ್ಲಿ 'ಚೈನಾ ಗ್ರಾಸ್' ಎಂದು ಮಾರುವ ವಸ್ತುವೂ ಇದೇ. ತೆಂಗುಸ ಮೊದಲಾದ ಕೆಂಪು ಕಡಲಪಾಚಿಗಳಿಂದ ದೊರೆಯುವ ಇದರ ಅಣುಗಳು ಸಕ್ಕರೆಯ ಘಟಕಗಳನ್ನು ಪೋಣಿಸಿದ ಉದ್ದನೆಯ ಸರಗಳು. ಕುದಿಯುವ ನೀರಿನಲ್ಲಿ ಈ ಸರಗಳು ಬಿಡಿಬಿಡಿಯಾಗಿರುವುವು. ಆರಿದಾಗ ಎರಡೆರಡಾಗಿ ಹುರಿಗೊಂಡು, ಹುರಿಗಳು ಕಂತೆಗಟ್ಟಿ, ಬಲೆಯೊಂದನ್ನು ಹೆಣೆಯುವುವು. ನೂರು ಭಾಗ ನೀರನ್ನು ಹಿಡಿದಿಡಲು ಒಂದು ಭಾಗ ಅಗರ್ ಸಾಕು. ಈ ದ್ರಾವಣವು 40 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿದರೂ, ಮರಳಿ ಕರಗಿಸಲು ಸುಮಾರು 85 ಡಿಗ್ರಿ ಉಷ್ಣತೆ ಬೇಕು.

ಈ ಬೇಸಗೆಯ ತಿನಿಸಿಗೆ ಬೇಕಾದ ಅಗರ್ ಸಿದ್ಧವಾಗುವುದು ಮಾತ್ರ ಚಳಿಗಾಲದಲ್ಲಿ. ಜಪಾನೀಯರು ಅದನ್ನು ಕಾಂತೆನ್ ಎನ್ನುವರು. 'ಚಳಿಯ ಆಕಾಶ' ಎಂಬುದು ಆ ಪದದ ಅಕ್ಷರಾರ್ಥ. 17ನೆಯ ಶತಮಾನದಲ್ಲಿ ಕ್ಯೋಟೋ ಬಳಿಯ ಫುಶಿಮಿಯ ವಸತಿಗೃಹವೊಂದರಲ್ಲಿ ಉಳಿದ ಪಾಚಿಯ ಜೆಲ್ಲಿಯನ್ನು ಹೊರಗೆಸೆದಾಗ, ಅದು ಇರುಳಲ್ಲಿ ಹೆಪ್ಪುಗಟ್ಟಿ ಹಗಲಲ್ಲಿ ಒಣಗಿ ಹಗುರವಾದ ವಸ್ತುವಾಯಿತೆಂದು ಕಥೆಯುಂಟು. ನಗಾನೋ ಪ್ರಾಂತದ ಚಿನೋ ಎಂಬಲ್ಲಿ ಇಂದಿಗೂ ಇದೇ ವಿಧಾನ ನಡೆದಿದೆ. ಕೊಯ್ಲಾದ ಗದ್ದೆಗಳಲ್ಲಿ ಜೆಲ್ಲಿಯ ತುಂಡುಗಳನ್ನು ಹರಡುವರು. ರಾತ್ರಿ ನೀರು ಮಂಜುಗಡ್ಡೆಯಾಗಿ ಬಲೆಯಿಂದ ಬೇರ್ಪಡುವುದು. ಹಗಲು ಅದು ಕರಗಿ ಸುರಿದುಹೋಗುವುದು. ಸುಮಾರು ಎರಡು ವಾರಗಳಲ್ಲಿ ಉಳಿಯುವುದು ಒಣಗಿದ ಬಲೆ ಮಾತ್ರ.

ಈ ಅಡುಗೆಮನೆಯ ವಸ್ತು ವಿಜ್ಞಾನಕ್ಕೂ ನೆರವಾಯಿತು. ಜರ್ಮನಿಯ ರಾಬರ್ಟ್ ಕಾಖ್‌ರವರ ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯಗಳನ್ನು ಬೆಳೆಸಲು ಬಳಸುತ್ತಿದ್ದ ಜೆಲಟಿನ್ ನಮ್ಮ ದೇಹದ ಉಷ್ಣತೆಯಲ್ಲಿಯೇ ಕರಗಿಬಿಡುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರಿಗೆ 1881ರಲ್ಲಿ ಅಗರ್ ಬಳಸುವಂತೆ ಸೂಚಿಸಿದವರು ಅವರ ಪತ್ನಿ ಫ್ಯಾನಿ ಹೆಸ್ಸೆ. ಜಾವಾದಲ್ಲಿ ವಾಸವಾಗಿದ್ದ ನೆರೆಯವರಿಂದ ಅದರ ಗುಣವನ್ನು ಆಕೆ ಅರಿತಿದ್ದರು. ಇಂದು ನಮ್ಮ ಕಾಲೇಜುಗಳ ಪೆಟ್ರಿ ತಟ್ಟೆಗಳಲ್ಲಿರುವುದೂ ಅಗರ್‌ನ ಹಾಸೇ.

ವರ್ಷದ ಇತರ ತಿನಿಸುಗಳಲ್ಲಿಯೂ ಇಂತಹ ರಸಾಯನಶಾಸ್ತ್ರ ಅಡಗಿದೆ. ವಸಂತದ ಸಕುರಾ-ಮೋಚಿಗೆ ಸುತ್ತುವ ಚೆರಿ ಎಲೆ ಹಸಿಯಾಗಿರುವಾಗ ಅಷ್ಟಾಗಿ ಪರಿಮಳ ಬೀರದು. ಉಪ್ಪಿನಲ್ಲಿ ಊರಿದಾಗ ಜೀವಕೋಶಗಳು ಒಡೆದು, ಕಿಣ್ವಗಳ ಕ್ರಿಯೆಯಿಂದ ಕೂಮರಿನ್ ಎಂಬ ಸುಗಂಧ ಹೊಮ್ಮುವುದು. ಶರತ್ಕಾಲದ ಕಾಕಿ ಹಣ್ಣು ನಮ್ಮ ಬೀಡಿಯೆಲೆಯ ತೂಬರೆ ಮರದ ನಂಟ. ಅದರಲ್ಲಿ ಒಗರಾದ ತಳಿಗಳ ಸಿಪ್ಪೆ ಸುಲಿದು ಚಳಿಗಾಳಿಗೆ ತೂಗುಹಾಕಿದರೆ, ಒಗರಿಗೆ ಕಾರಣವಾದ ಟ್ಯಾನಿನ್ ನೀರಿನಲ್ಲಿ ಕರಗದ ರೂಪ ತಳೆಯುವುದು; ನಾಲಗೆಗೆ ಸಿಹಿ ಮಾತ್ರ ಉಳಿಯುವುದು.

ಹೀಗೆ ಋತುವು ಈ ತಿನಿಸುಗಳ ಸಂದರ್ಭ ಮಾತ್ರವಲ್ಲ, ಅವನ್ನು ಸಿದ್ಧಪಡಿಸುವ ಪಾಕಶಾಸ್ತ್ರಜ್ಞನೂ ಹೌದು. ಆ ಪಾಕಶಾಸ್ತ್ರಜ್ಞನ ನಡೆ ಈಗ ಬದಲಾಗುತ್ತಿದೆ. ಕ್ಯೋಟೋದಲ್ಲಿ ಚೆರಿ ಅರಳಿದ ದಿನಗಳ ದಾಖಲೆ 9ನೆಯ ಶತಮಾನದಿಂದ ದೊರೆಯುತ್ತದೆ. 2021ರಲ್ಲಿ ಅದು ಮಾರ್ಚ್ 26ಕ್ಕೇ ತುಂಬಿ ಅರಳಿತು. ಅದಕ್ಕೆ ಮೊದಲಿನ ಸುಮಾರು 1,200 ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ ನಿದರ್ಶನವಿಲ್ಲ. ಚಳಿಗಾಲದ ಇರುಳುಗಳೂ ಬೆಚ್ಚಗಾಗುತ್ತ ಹೋದರೆ ಚಿನೋದ ಗದ್ದೆಗಳಲ್ಲಿ ಹೆಪ್ಪುಗಟ್ಟುವುದೇನು? ಯಂತ್ರಗಳಿಂದ ಅಗರ್ ತಯಾರಿಸಬಹುದು, ತಯಾರಿಸುತ್ತಲೂ ಇದ್ದಾರೆ. ಆದರೆ ಆಕಾಶವನ್ನು ನೋಡಿ ಕೆಲಸ ಮಾಡುವ ರೈತನ ಅರಿವನ್ನು ಯಂತ್ರದಿಂದ ಪಡೆಯಲಾಗದು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಚೈನಾ ಗ್ರಾಸನ್ನು ನೀರಿನಲ್ಲಿ ಕುದಿಸಿ, ಆರಿಸಿ, ಕತ್ತರಿಸಿದ ತುಂಡೊಂದನ್ನು ಬಿಸಿಲಿನಲ್ಲಿಡಿ, ಅದು ಕರಗದು. ಇನ್ನೊಂದನ್ನು ರೆಫ್ರಿಜರೇಟರಿನ ಮಂಜುಗಡ್ಡೆಯ ಗೂಡಿನಲ್ಲಿ ಒಂದು ರಾತ್ರಿಯಿಟ್ಟು ಬೆಳಗ್ಗೆ ಹೊರತೆಗೆಯಿರಿ. ನೀರು ಸುರಿದು ಸ್ಪಂಜಿನಂತಹ ತುಣುಕು ಉಳಿಯುವುದು. ಚಿನೋದ ಗದ್ದೆಯಲ್ಲಿ ಚಳಿಯ ಆಕಾಶ ಮಾಡುವ ಕೆಲಸವೂ ಅದೇ.